ರೈಫಲ್‌ಗೊಂದು ಊರುಗೋಲು

ಶೂಟಿಂಗ್ ಸ್ಟಿಕ್ಸ್ ಎಂಬುದಕ್ಕೆ ಕನ್ನಡದಲ್ಲಿ ಒಂದು ಪದವಿಲ್ಲ. ಜಿಂಕೆ ಬೇಟೆಗೆ ಹೋದವನು ರೈಫಲ್ಲಿನ ಮುಂಭಾಗವನ್ನು ಇಟ್ಟುಕೊಳ್ಳಲು ನೆಲಕ್ಕೆ ಊರುವ ಎರಡು ಕೋಲುಗಳು, ಅಷ್ಟೆ. ಮೇಲ್ತುದಿಯ ಹತ್ತಿರ ಒಂದನ್ನೊಂದು ಅಡ್ಡ ಹಾಯ್ದು ಕವೆಯಾಗಿರುತ್ತವೆ. ಆ ಕವೆಯಲ್ಲಿ ರೈಫಲ್ ಕೂತರೆ ಅದರ ಭಾರ ಕೈಗೆ ತಪ್ಪುತ್ತದೆ. ಇಷ್ಟು ಸಣ್ಣ ವಸ್ತುವಿಗೆ ಕನ್ನಡದ ಹೆಸರಿಡಲು ಹೋಗಿ ನಾನು ಡಾಕ್ಟರ್ ಅಂಕಲ್ ಜೊತೆ ಮೂರು ವಾರ ಮಾತು ಕಳೆದುಕೊಂಡೆ. ತಪ್ಪು ನನ್ನದೇ. ಆಗ ಹಾಗನ್ನಿಸಿರಲಿಲ್ಲ. ಆಗ ನನಗೂ ಸಿಟ್ಟು ಬಂದಿತ್ತು.

ಡಾಕ್ಟರ್ ಅಂಕಲ್ ಎಂದರೆ ಇಲ್ಲಿ ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್‌ನಲ್ಲೇ, ನಮ್ಮ ಮನೆಯಿಂದ ಹತ್ತು ನಿಮಿಷದ ಡ್ರೈವ್‌ನಲ್ಲಿರುವ ಮೈಸೂರಿನ ಹಿರಿಯರು. ಎಪ್ಪತ್ತಾರು ವರ್ಷ. ಮೂರು ದಶಕ ಇಲ್ಲಿ ಸರ್ಜನ್ ಆಗಿದ್ದು ನಿವೃತ್ತರಾದವರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನದೂ ಅಲ್ಲೇ ಇರುವುದರಿಂದ ನಮ್ಮಿಬ್ಬರಿಗೆ ಹೊಂದಿಕೆಯಾಯಿತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ಕೆ.ಆರ್. ಪೇಟೆ ಕಡೆಯವನು, ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ, ಔಷಧಿ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಬೇಟೆಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಸಂಬಂಧ ಹುಟ್ಟಿಸಿದ್ದು ಅವರೆಗಿಡ.

ಹಿತ್ತಲಿನಲ್ಲಿ ಅವರೆ ಹಾಕಿದ್ದೆ. ಬೀಜ ಐಸೆಲಿನ್ನಿನ ಇಂಡಿಯನ್ ಅಂಗಡಿಯದು. ಹೂ ಬಿಡುವ ವಾರಕ್ಕೆ ಸರಿಯಾಗಿ ಜಿಂಕೆಗಳು ಬಂದು ಕುಡಿ ಸಮೇತ ಸವರಿಕೊಂಡು ಹೋದವು. ಎರಡನೆಯ ವರ್ಷವೂ ಹಾಗೇ ಆಯಿತು. ಆ ವರ್ಷದ ದೀಪಾವಳಿ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಎಲ್ಲರೂ ಜಿಂಕೆಗಳ ಮೇಲೆ ದೂರು ಹೇಳುತ್ತಿದ್ದರು. ಒಬ್ಬರ ದಾಸವಾಳ ಹೋಗಿತ್ತು, ಇನ್ನೊಬ್ಬರ ಕಾರಿನ ಬಾನೆಟ್ ಹೋಗಿತ್ತು. "ಹೊಡೆದು ಸಾರು ಮಾಡ್ಬೇಕು ಇವನ್ನ" ಎಂದೆ. ದಾಸವಾಳದ ಯಜಮಾನರು ಕೊಲೆಗಾರನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಮುಂದೆ ನಿಂತಿದ್ದ ಹಿರಿಯರೊಬ್ಬರು ಮಾತ್ರ ತಟ್ಟೆ ಹಿಡಿದುಕೊಂಡೇ ಹಿಂದಕ್ಕೆ ತಿರುಗಿ, "ಲೈಸೆನ್ಸ್ ಇದೆಯೇನಯ್ಯ ನಿನ್ನ ಹತ್ರ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ಸುಮ್ನೆ ಮಾತಾಡ್ಬೇಡ. ಕ್ಲಾಸಿಗೆ ಹೋಗಿ ಲೈಸೆನ್ಸ್ ತಗೊಂಡು ಬಾ, ಆಮೇಲೆ ಸಾರಿನ ವಿಷಯ ಮಾತಾಡೋಣ" ಎಂದು ಪುಳಿಯೋಗರೆಯ ಕಡೆ ತಿರುಗಿದರು. ಅವರೇ ಡಾಕ್ಟರ್ ಅಂಕಲ್. ನಾನು ಹಟಕ್ಕೆ ಬಿದ್ದು ಕ್ಲಾಸಿಗೆ ಹೋಗಿ ಲೈಸೆನ್ಸ್ ತೆಗೆದುಕೊಂಡೆ.

ನ್ಯೂಜೆರ್ಸಿಯಲ್ಲಿ ಜಿಂಕೆಗೆ ಅವರ ರೈಫಲ್‌ನಂಥದನ್ನು ಬಳಸುವಂತಿಲ್ಲ. ಹಾಗಾಗಿ ನವೆಂಬರ್‌ನಲ್ಲಿ ಸೀಸನ್ ಶುರುವಾದಾಗ ನ್ಯೂಯಾರ್ಕ್ ರಾಜ್ಯದ ಬೆಟ್ಟಗಳ ಕಡೆ ಎರಡೂವರೆ ಗಂಟೆ ಡ್ರೈವ್ ಮಾಡಿ, ಅವರಿಗೆ ಪರಿಚಯವಿದ್ದ ರೈತರೊಬ್ಬರ ಜಮೀನಿಗೆ ಹೋಗುತ್ತಿದ್ದೆವು. ಐದು ಸೀಸನ್ ಹೋದೆವು. ಅವರು ನನಗೆ ಕಲಿಸಿದ್ದು ಹೆಚ್ಚಾಗಿ ನಡೆಯುವುದನ್ನು. ಗಾಳಿ ಎದುರಿನಿಂದ ಬರುವ ಹಾಗೆ ನಡೆಯಬೇಕು, ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು, ಒಣ ಎಲೆಯ ಮೇಲೆ ಮೊದಲು ಪಾದದ ಹೊರ ಅಂಚನ್ನು ಇಡಬೇಕು. ಆ ಐದು ವರ್ಷದಲ್ಲಿ ಅವರು ನಾಲ್ಕು ಜಿಂಕೆ ಹೊಡೆದರು, ನಾನು ಒಂದು. ಅವರ ನಾಲ್ಕೂ ಒಂದೊಂದೇ ಗುಂಡಿಗೆ ಬಿದ್ದವು. "ಎರಡನೇ ಗುಂಡು ಬೇಕಾಯ್ತು ಅಂದ್ರೆ ಮೊದಲನೇದನ್ನ ಹೊಡೀಬಾರದಿತ್ತು ಅಂತ ಅರ್ಥ" ಎನ್ನುತ್ತಿದ್ದರು. ಮಾಂಸವೆಲ್ಲ ನಮ್ಮ ಫ್ರೀಜರಿಗೆ. ಅವರ ಮನೆಯೊಳಗೆ ಆಂಟಿ ಬಿಡುತ್ತಿರಲಿಲ್ಲ. ಅಂಕಲ್ ನಮ್ಮ ಮನೆಗೆ ಬಂದು, ನನ್ನ ಹೆಂಡತಿ ಮೆಣಸು ಹೆಚ್ಚು ಹಾಕಿ ಮಾಡುವ ಸಾರನ್ನು ಎರಡು ಸಲ ಹಾಕಿಸಿಕೊಂಡು ತಿಂದು, ಬಾಯಿಗೆ ಸೋಂಪು ಹಾಕಿಕೊಂಡು ಹೋಗುತ್ತಿದ್ದರು.

ಆರನೆಯ ಸೀಸನ್ ಕೆಟ್ಟಿತು. ಬೆಳಗಿನ ಎಂಟರ ಸುಮಾರಿಗೆ ಒಂದು ಗಂಡು ಜಿಂಕೆ ಎಪ್ಪತ್ತು ಗಜ ದೂರದಲ್ಲಿ ಅಡ್ಡ ನಿಂತಿತು. ಅಂಕಲ್ ನಿಂತಲ್ಲೇ ಗುರಿ ಹಿಡಿದರು. ಪಕ್ಕದಲ್ಲಿದ್ದ ನನಗೆ ರೈಫಲ್ಲಿನ ತುದಿ ಕಾಣುತ್ತಿತ್ತು. ಅದು ಸಣ್ಣಗೆ ಸುತ್ತುತ್ತಿತ್ತು, ಕಾಫಿಗೆ ಸಕ್ಕರೆ ಕಲಕುವ ಚಮಚದ ಹಾಗೆ. ಬೇಡ ಅಂಕಲ್ ಎನ್ನಬೇಕೆಂದುಕೊಂಡೆ, ಅನ್ನಲಿಲ್ಲ. ಗುಂಡು ಹೊಟ್ಟೆಯ ಹಿಂಭಾಗಕ್ಕೆ ಬಿತ್ತು. ಜಿಂಕೆ ಬೆನ್ನು ಗೂನು ಮಾಡಿಕೊಂಡು ಪೊದೆಗೆ ನುಗ್ಗಿತು. ರಕ್ತದ ಜಾಡು ಹಿಡಿದು ಸಂಜೆಯವರೆಗೆ ಹುಡುಕಿದೆವು. ಒಂದು ಹಳ್ಳದ ಆಚೆ ಜಾಡು ನಿಂತುಹೋಯಿತು. ಮಾರನೆಯ ದಿನ ಮತ್ತೆ ಹೋಗಿ ಹುಡುಕಿದೆವು, ಸಿಗಲಿಲ್ಲ. ವಾಪಸು ಬರುವಾಗ ಎರಡೂವರೆ ಗಂಟೆಯಲ್ಲಿ ಅಂಕಲ್ ಆಡಿದ್ದು ಒಂದೇ ಮಾತು: "ಅದು ಎಲ್ಲೋ ಮಲಗಿಕೊಂಡು ನನ್ನನ್ನ ಬೈತಿರುತ್ತೆ."

ಆಮೇಲೆ ಅವರು ಫೋನ್ ಮಾಡುವುದನ್ನು ನಿಲ್ಲಿಸಿದರು. ಮಾರ್ಚ್‌ನಲ್ಲಿ ನಾನೇ ಹೋದೆ. ಆಂಟಿ ಕೊಟ್ಟ ಕಾಫಿ ಲೋಟವನ್ನು ಅವರು ಎರಡೂ ಕೈಯಲ್ಲಿ ಹಿಡಿದರು. ನಾನು ನೋಡಿದ್ದನ್ನು ಅವರೂ ನೋಡಿದರು. "ವಯಸ್ಸು ಕಣಯ್ಯ, ಇನ್ನೇನಿಲ್ಲ. ಮಾತ್ರೆ ತಗೋತಿದೀನಿ, ಅಷ್ಟಕ್ಕಷ್ಟೆ" ಎಂದರು. ಆಮೇಲೆ ರೋಗಿಗೆ ಹೇಳುವ ಧ್ವನಿಯಲ್ಲಿ ಹೇಳಿದರು: "ನೂರು ಗಜದಲ್ಲಿ ಮೂರು ಗುಂಡು ಒಂದು ಪೇಪರ್ ತಟ್ಟೆಯೊಳಗೆ ಬೀಳ್ಬೇಕು. ಬಿದ್ರೆ ನವೆಂಬರ್‌ಗೆ ಬರ್ತೀನಿ. ಬೀಳದೇ ಇದ್ರೆ ರೈಫಲ್ ಮಾರ್ತೀನಿ. ಆದ್ರೆ ಆ ಹಾಳು ಜಿಂಕೆನೇ ನನ್ನ ಕೊನೇ ಜಿಂಕೆ ಆಗಿಬಿಡುತ್ತಲ್ಲ." ಕೊನೆಯ ಮಾತನ್ನು ಅವರು ನನಗೆ ಹೇಳಲಿಲ್ಲ, ಲೋಟಕ್ಕೆ ಹೇಳಿದರು. ನಾನೂ ಅದಕ್ಕೆ ಅಷ್ಟಾಗಿ ಗಮನ ಕೊಡಲಿಲ್ಲ. ನನಗೆ ಕೇಳಿಸಿದ್ದು ನವೆಂಬರ್ ಎಂಬ ಮಾತು.

ನಿಜ ಹೇಳಬೇಕೆಂದರೆ ನನ್ನ ಚಿಂತೆ ನನ್ನದು. ಅವರಿಲ್ಲದಿದ್ದರೆ ನಾನು ಯಾರ ಜೊತೆ ಹೋಗಲಿ? ಆಫೀಸಿನಲ್ಲಿ ಬೇಟೆಗೆ ಹೋಗುವವರಿದ್ದಾರೆ, ಒಳ್ಳೆಯವರೇ. ಆದರೆ ಅವರ ಜೊತೆ ಹೋದರೆ ಬೆಳಗಿನಿಂದ ಸಂಜೆಯವರೆಗೆ ಇಂಗ್ಲಿಷಿನಲ್ಲಿ ಸುಮ್ಮನಿರಬೇಕು. ಅದು ನನ್ನಿಂದಾಗದು. ಹಾಗಾಗಿ ಅವತ್ತೇ ನಿರ್ಧರಿಸಿದೆ, ಅಂಕಲ್‌ಗೆ ಕೋಲು ಒದಗಿಸುವುದು ಎಂದು.

ಕೊಳ್ಳಬಹುದಿತ್ತು. ಅಂಗಡಿಗೆ ಹೋಗಿ ನೋಡಿದೆ. ಒಳ್ಳೆಯವೆಲ್ಲ ನಿಂತು ಹೊಡೆಯುವವರ ಎತ್ತರಕ್ಕಿದ್ದವು. ನಡುಗುವ ಕೈಗೆ ನಿಂತು ಹೊಡೆಯುವುದೇ ತಪ್ಪು. ಕೂತು, ಮೊಣಕೈಗಳನ್ನು ಮಂಡಿಯ ಮೇಲೆ ಇಟ್ಟು ಹೊಡೆಯಬೇಕು. ಕಾಲುಗಳನ್ನು ಒಳಕ್ಕೆ ತಳ್ಳಿ ಗಿಡ್ಡ ಮಾಡುವಂಥವೂ ಇದ್ದವು, ಆದರೆ ಅವು ಬೀಗ ಹಾಕುವಾಗ ಟಕ್ ಎನ್ನುತ್ತಿದ್ದವು. ಕಾಡಿನಲ್ಲಿ ಆ ಒಂದು ಟಕ್ ಸಾಕು, ಜಿಂಕೆ ಪಕ್ಕದ ಜಿಲ್ಲೆಗೆ ಹೋಗಿರುತ್ತದೆ. ನಾನೇ ಮಾಡುತ್ತೇನೆ ಎಂದು ಹೊರಟುಬಂದೆ. ಮರಗೆಲಸ ನನಗೆ ಬರುವುದಿಲ್ಲ ಎಂಬುದು ಮನೆಗೆ ಬಂದಮೇಲೆ ನೆನಪಾಯಿತು.

ಮೊದಲು ಗಿಡಗಳಿಗೆ ಆಸರೆ ಕೊಡುವ ಬಿದಿರು ಕೋಲುಗಳನ್ನು ತಂದೆ. ಹಗುರ, ಸದ್ದಿಲ್ಲ. ಹಾಲ್‌ನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಎರಡು ಬಿದಿರನ್ನು ಸೇರಿಸಿ ಹುರಿ ಸುತ್ತುತ್ತಿದ್ದೆ. ಹೆಂಡತಿ ಅಡಿಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತಳು.

"ಏನ್ರೀ ಇದು, ಮನೆಯೊಳಗೆ ಬಿದಿರಿಗೆ ಹುರಿ ಕಟ್ಕೊಂಡು ಕೂತಿದ್ದೀರಿ. ಯಾರಿಗೆ ಚಟ್ಟ?"

"ಡಾಕ್ಟರ್ ಅಂಕಲ್‌ಗೆ" ಎಂದೆ, ತಲೆ ಎತ್ತದೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. "ಅಂದ್ರೆ, ಅವರ ರೈಫಲ್‌ಗೆ."

ಸೋಫಾದಲ್ಲಿದ್ದ ಮಗಳು, "ಅಪ್ಪಾ, ಇಟ್ಸ್ ಜಸ್ಟ್ ಟೂ ಸ್ಟಿಕ್ಸ್. ವೈ ಈಸ್ ಅಮ್ಮ ಸೋ ಅಪ್‌ಸೆಟ್?" ಎಂದಳು. ಹೆಣ ಹೊರಲು ನಮ್ಮ ಕಡೆ ಬಿದಿರು ಕಟ್ಟುತ್ತಾರೆ ಎಂದು ಇಲ್ಲೇ ಹುಟ್ಟಿದವಳಿಗೆ ಹೇಳಿದೆ. ಅವಳು ಫೋನ್ ಕೆಳಗಿಟ್ಟು ಬಿದಿರನ್ನು ಒಂದು ಸಲ ನೋಡಿ, ಎದ್ದು ಮೇಲೆ ಹೋದಳು. ಬಿದಿರು ಅಂದೇ ಹಿತ್ತಲಿಗೆ ಹೋಯಿತು. ಅಲ್ಲಿ ಟೊಮೇಟೊ ಗಿಡಕ್ಕೆ ಆಸರೆಯಾಗಿದೆ, ಯಾರೂ ಏನೂ ಅನ್ನುವುದಿಲ್ಲ.

ಆಮೇಲೆ ಹಳೆಯ ಸ್ಕೀ ಕೋಲುಗಳನ್ನು ಪ್ರಯತ್ನಿಸಿದೆ. ಒಂದಕ್ಕೊಂದು ತಾಗಿದರೆ ಪಾತ್ರೆ ಅಂಗಡಿ. ಕೊನೆಗೆ ಮರದ ಅಂಗಡಿಯವನು ಆಶ್ ಎಂಬ ಮರದ ದುಂಡು ಕೋಲುಗಳನ್ನು ತೋರಿಸಿದ. ಬೇಸ್‌ಬಾಲ್ ಬ್ಯಾಟ್ ಮಾಡುವ ಮರ, ಬಾಗುವುದಿಲ್ಲ, ಬಿರುಕು ಬಿಡುವುದಿಲ್ಲ ಎಂದ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದವು ಎರಡನ್ನು ಮೂರು ಮೂರು ಅಡಿಗೆ ಕತ್ತರಿಸಿದೆ. ಮೇಲಿನಿಂದ ಒಂದು ಗೇಣು ಕೆಳಗೆ ತೂತು ಕೊರೆದು ಬೋಲ್ಟ್ ಹಾಕಿ, ಕೈಯಲ್ಲೇ ತಿರುಗಿಸುವ ರೆಕ್ಕೆಯ ನಟ್ ಬಿಗಿದೆ. ನಡುವೆ ಸದ್ದಾಗದಂತೆ ಹಳೆಯ ಬೆಲ್ಟಿನಿಂದ ಕತ್ತರಿಸಿದ ತೊಗಲಿನ ಬಿಲ್ಲೆ. ಕವೆಗೆ ಸೈಕಲ್ ಟ್ಯೂಬ್ ಸುತ್ತಿದೆ. ಮೊದಲ ತೂತು ವಾರೆಯಾಗಿ ಒಂದು ಕೋಲು ಹಾಳಾಯಿತು, ಮತ್ತೊಂದು ತಂದೆ. ಒಟ್ಟು ಮೂರು ಕೋಟ್ ವಾರ್ನಿಷ್ ಹೊಡೆದೆ. ಹತ್ತು ವರ್ಷ ಮಳೆ, ಹಿಮ ಏನೂ ಮಾಡಬಾರದು ಎಂಬುದು ನನ್ನ ಲೆಕ್ಕಾಚಾರ. ಕೆಳತುದಿಗಳು ಜಾರಬಾರದಲ್ಲ, ಅದಕ್ಕೆ ಏನು ಹಾಕುವುದೆಂದು ಹುಡುಕುತ್ತಿದ್ದಾಗ ಔಷಧಿ ಅಂಗಡಿಯಲ್ಲಿ ಅಳತೆಗೆ ಸರಿಯಾದ ಕಪ್ಪು ರಬ್ಬರ್ ಬಿರಡೆಗಳು ಸಿಕ್ಕವು. ತುಂಬ ಖುಷಿಯಾಯಿತು. ಅಲ್ಲೇ ಪಾರ್ಕಿಂಗ್ ಲಾಟಿನಿಂದ ಅಂಕಲ್‌ಗೆ ಫೋನ್ ಮಾಡಿದೆ.

"ಅಂಕಲ್, ನಿಮಗೊಂದು ಊರುಗೋಲು ಮಾಡಿದೀನಿ. ಬಂದು ನೋಡಿ."

"ಯಾರಿಗೆ?"

"ನಿಮಗೇ. ಇನ್ಮೇಲೆ ಕೈ ನಡುಗಿದ್ರೂ ಪರವಾಗಿಲ್ಲ."

ಫೋನ್ ಇಟ್ಟುಬಿಟ್ಟರು. ಕರೆ ಕಟ್ಟಾಯಿತೇನೋ ಎಂದು ಮತ್ತೆ ಮಾಡಿದೆ. ಎತ್ತಲಿಲ್ಲ.

ಊರುವ ಕೋಲು ಊರುಗೋಲು. ವ್ಯಾಕರಣದ ಪ್ರಕಾರ ನನ್ನದು ಸರಿಯೇ ಇತ್ತು. ಆದರೆ ಕನ್ನಡದಲ್ಲಿ ಊರುಗೋಲು ಹಿಡಿಯುವವರು ಕಣ್ಣು ಕಾಣದ, ಕಾಲು ಬಾರದ ಮುದುಕರು. ಶೂಟಿಂಗ್ ಸ್ಟಿಕ್ಸ್ ಎಂದಿದ್ದರೆ ಏನೂ ಆಗುತ್ತಿರಲಿಲ್ಲ. ವಾಕ್ಯದಲ್ಲಿ ಅರ್ಧ ಇಂಗ್ಲಿಷ್ ಸುರಿದು ಮಾತಾಡುವ ನನಗೆ ಅವತ್ತೇ ಕನ್ನಡಾಭಿಮಾನ ಉಕ್ಕಬೇಕಾಗಿತ್ತೆ? ಈಗ ಹೀಗೆ ಅನ್ನಿಸುತ್ತದೆ. ಅವತ್ತು ನನ್ನ ಪಿತ್ತ ನೆತ್ತಿಗೇರಿತ್ತು. ಎರಡು ತಿಂಗಳ ವೀಕೆಂಡುಗಳನ್ನು ಗ್ಯಾರೇಜಿನಲ್ಲಿ ಕಳೆದಿದ್ದೇನೆ, ಕೈಗೆ ಎರಡು ಕಡೆ ಚಕ್ಕೆ ಚುಚ್ಚಿಸಿಕೊಂಡಿದ್ದೇನೆ, ಇವರು ಒಂದು ಪದಕ್ಕೆ ಮುಖ ಊದಿಸಿಕೊಂಡು ಕೂರುತ್ತಾರೆ. ಕೂರಲಿ. ನಾನೂ ಮಾಡುವುದಿಲ್ಲ ಫೋನು.

ಎರಡನೆಯ ವಾರ ಆಂಟಿ ಫೋನ್ ಮಾಡಿದರು. "ಅವರಿಗೆ ಊರುಗೋಲು ಅಂದ್ಯಂತಲ್ಲಪ್ಪ" ಎಂದರು, ಧ್ವನಿ ತಗ್ಗಿಸಿ. ಅಂಕಲ್ ಮೇಲಿನ ರೂಮಿನಲ್ಲಿದ್ದರೆಂದು ಕಾಣುತ್ತದೆ. "ಹೋದ ತಿಂಗಳು ಮಗಳು ಒಂದು ವಾಕಿಂಗ್ ಸ್ಟಿಕ್ ಕಳಿಸಿದ್ಲು. ಬಾಕ್ಸ್ ಕೂಡ ಬಿಚ್ಚದೆ ಗ್ಯಾರೇಜಿಗೆ ಹಾಕಿದ್ದಾರೆ. ಮೆಟ್ಟಿಲ ಮೇಲೆ ಎರಡು ಸಲ ಬಿದ್ದಿದ್ದಾರೆ, ಯಾರಿಗೂ ಹೇಳಕೂಡದು ಅಂದಿದ್ದಾರೆ. ನೀನೂ ಹೇಳ್ಬೇಡ." ಹೇಳುವುದಿಲ್ಲ ಎಂದೆ. ಸಿಟ್ಟು ಅಲ್ಲಿಗೆ ಇಳಿಯಿತು. ನಾಚಿಕೆಯಾಯಿತು. ಆದರೂ ಫೋನ್ ಮಾಡಿ ಏನೆಂದು ಹೇಳುವುದು ಎಂದು ಗೊತ್ತಾಗದೆ ಇನ್ನೊಂದು ವಾರ ಕಳೆಯಿತು.

ಭಾನುವಾರ ದೇವಸ್ಥಾನದ ಕ್ಯಾಂಟೀನಿನಲ್ಲಿ ಅಂಕಲ್ ಸಿಕ್ಕರು. ಒಬ್ಬರೇ ಕೂತು ದೋಸೆ ಮುರಿಯುತ್ತಿದ್ದರು. ನಾನು ಕಾಫಿ ಹಿಡಿದು ಎದುರಿಗೆ ಕೂತೆ. ಏಳು ಎನ್ನಲಿಲ್ಲ, ಕೂರು ಎನ್ನಲಿಲ್ಲ. ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ. ಬಾಯಿಗೆ ಬಂದದ್ದನ್ನು ಕೇಳಿದೆ:

"ಅಂಕಲ್, ಆಪರೇಷನ್ ಮಾಡುವಾಗ ನಿಮ್ಮ ಕೈ ನಡುಗ್ತಿರಲಿಲ್ವಾ?"

ಬೈಯುತ್ತಾರೆ ಎಂದುಕೊಂಡೆ. ಅವರು ಗಂಭೀರವಾಗಿಯೇ ಉತ್ತರಿಸಿದರು. "ಯಾರ ಕೈ ನಡುಗಲ್ಲ ಹೇಳು? ಎಲ್ಲರದೂ ನಡುಗುತ್ತೆ, ಕಾಣಲ್ಲ ಅಷ್ಟೆ. ಕೈನ ಗಾಳೀಲಿ ಹಿಡ್ಕೊಂಡು ಯಾರೂ ಹೊಲಿಗೆ ಹಾಕಲ್ಲ ಕಣಯ್ಯ. ಕಿರುಬೆರಳನ್ನ ಎಲ್ಲಾದ್ರೂ ಊರ್ಕೊಬೇಕು." ಚಮಚವನ್ನು ಚಾಕುವಿನ ಹಾಗೆ ಹಿಡಿದು, ಕಿರುಬೆರಳನ್ನು ಮೇಜಿನ ಮೇಲೆ ನೆಟ್ಟು ತೋರಿಸಿದರು. ಚಮಚದ ತುದಿ ಅಲುಗಲಿಲ್ಲ. "ಊರಿದ ಮೇಲೆ ನೋಡು" ಎಂದವರು ಅಲ್ಲೇ ಮಾತು ನಿಲ್ಲಿಸಿದರು. ನಾನು ಅವರ ಕಿರುಬೆರಳನ್ನು ನೋಡುತ್ತಿದ್ದೆ, ಅವರೂ ನೋಡಿಕೊಂಡರು. ದೇವರಾಣೆ, ಊರುವುದು ಎಂಬ ಆ ಪದಕ್ಕಾಗಿ ನಾನು ಕೇಳಿದ್ದಲ್ಲ.

"ಥೂ ನಿನ್ನ" ಎಂದರು ಮೆಲ್ಲಗೆ. ದೋಸೆಯ ಕೊನೆಯ ತುಂಡನ್ನು ಚಟ್ನಿಗೆ ಒರೆಸಿ ಬಾಯಿಗೆ ಹಾಕಿಕೊಂಡು, "ನಡಿ, ತೋರಿಸು ಅದೇನು ಮಾಡಿದೀಯೋ" ಎಂದರು.

ನಮ್ಮ ಗ್ಯಾರೇಜಿನಲ್ಲಿ ಕೋಲುಗಳನ್ನು ಕೈಗೆ ತೆಗೆದುಕೊಂಡು, ಬಿಚ್ಚಿ ಮುಚ್ಚಿ ನೋಡಿದರು. ಸದ್ದಿಲ್ಲ. ತಲೆಯಾಡಿಸಿದರು. ಬುಡ ಮೇಲೆ ಮಾಡಿ ರಬ್ಬರ್ ಬಿರಡೆಗಳನ್ನು ನೋಡಿದಾಗ ಮುಖ ಬಿಗಿಯಿತು.

"ಇವನ್ನ ಎಲ್ಲಿ ತಂದೆ?"

"ಔಷಧಿ ಅಂಗಡೀಲಿ."

"ಯಾವ ಸಾಲಲ್ಲಿ?"

ವಾಕಿಂಗ್ ಸ್ಟಿಕ್ಕು, ವೀಲ್‌ಚೇರು ಇಡುವ ಸಾಲಿನಲ್ಲಿ. ಅದನ್ನು ಅವರಿಗೆ ಹೇಳಬೇಕಾಗಿರಲಿಲ್ಲ, ಜೀವಮಾನವೆಲ್ಲ ಅಂಥವನ್ನು ಬರೆದುಕೊಟ್ಟವರು. "ಕಿತ್ತುಹಾಕು" ಎಂದರು. ಕಿತ್ತು ಮೊಳೆ ಡಬ್ಬಿಗೆ ಹಾಕಿದೆ. ಅವುಗಳ ಬದಲಿಗೆ ತಲೆ ಕತ್ತರಿಸಿದ ದಪ್ಪ ಮೊಳೆಗಳನ್ನು ಹೊಡೆದು ಚೂಪು ಮಾಡಿದೆ. ನೆಲ ಕಚ್ಚಲು ಅವೇ ವಾಸಿ ಎಂದು ಅವರೇ ಒಪ್ಪಿದರು. ಹೆಸರಿನ ವಿಷಯ ಯಾರೂ ಎತ್ತಲಿಲ್ಲ. ಅಂದಿನಿಂದ ಇಬ್ಬರೂ ಕವೆ ಎನ್ನತೊಡಗಿದೆವು.

ಕೂರುವುದು ಯಾವುದರ ಮೇಲೆ ಎಂಬುದು ಮುಂದಿನ ತಕರಾರು. ಬೇಟೆಯ ಸ್ಟೂಲುಗಳು ಎತ್ತರವಾದವು, ಬರಿ ನೆಲದಲ್ಲಿ ಕೂತರೆ ಅವರಿಗೆ ಏಳಲಾಗದು. ನಾನು ಒಳಗೆ ಹೋಗಿ ಊಟದ ಮಣೆ ತಂದೆ. ನಾಲ್ಕು ಬೆರಳೆತ್ತರದ ಕಾಲಿರುವ, ನನ್ನ ಹೆಂಡತಿ ಹಬ್ಬಕ್ಕೆ ಮಾತ್ರ ತೆಗೆಯುವ ಮಣೆ. ಅದರ ಮೇಲೆ ಕೂತು ಮಂಡಿ ಎತ್ತಿ ಮೊಣಕೈ ಊರಿದ ಮೇಲೆ ಅಂಕಲ್ ಕಲ್ಲಿನ ಹಾಗಾದರು. ಕೈಗೆ ಪೊರಕೆ ಕೊಟ್ಟೆ, ರೈಫಲ್ ಎಂದುಕೊಂಡು ಗುರಿ ಹಿಡಿದರು. ಕವೆ ಒಂದಿಂಚು ಎತ್ತರವಾಯಿತು ಎಂದರು. ಒಂದಿಂಚು ಕತ್ತರಿಸಿ ಮೊಳೆಗಳನ್ನು ಮತ್ತೆ ಹೊಡೆದೆ. ಎರಡಡಿ ಹನ್ನೊಂದು ಇಂಚಿಗೆ ನಿಂತಿತು.

ಸೆಪ್ಟೆಂಬರ್ ಕೊನೆಯಿಂದ ಪ್ರತಿ ಶನಿವಾರ ಗುರಿ ಅಭ್ಯಾಸದ ಮೈದಾನಕ್ಕೆ ಹೋಗತೊಡಗಿದೆವು. ನೂರು ಗಜದಾಚೆ ಹಲಗೆಗೆ ಪೇಪರ್ ತಟ್ಟೆ ಅಂಟಿಸಿದೆ. ನಮ್ಮ ಕೂಟಗಳಲ್ಲಿ ಚಿತ್ರಾನ್ನ ಬಡಿಸುವ ಅದೇ ತಟ್ಟೆ. ಮೊದಲ ದಿನ ಮೂರರಲ್ಲಿ ಒಂದೂ ತಟ್ಟೆಗೆ ಬೀಳಲಿಲ್ಲ. ಅವರು ಎಡಗೈಯಲ್ಲಿ ರೈಫಲ್ಲನ್ನು ಬಿಗಿಯಾಗಿ ಹಿಡಿಯುತ್ತಿದ್ದರು, ನಡುಕವೆಲ್ಲ ಅದಕ್ಕೇ ಹೋಗುತ್ತಿತ್ತು. ಎರಡನೆಯ ಶನಿವಾರ ಒಂದು ಬಿತ್ತು. ಮೂರನೆಯ ಸಲ ಅವರೇ ಕಂಡುಕೊಂಡರು: ರೈಫಲ್ಲನ್ನು ಹಿಡಿಯಲೇಬಾರದು, ಅದು ಕವೆಯಲ್ಲಿ ತಾನೇ ಕೂತಿರಲಿ. ಎಡಗೈ, ಕೋಲುಗಳು ಅಡ್ಡ ಹಾಯುವ ಕಡೆ ಇರಲಿ, ಕಿರುಬೆರಳು ಕೋಲಿನ ಮೇಲೆ. ನಡುಕ ಕೋಲಿಗಿಳಿದು ಮಣ್ಣಿಗೆ ಹೋಗುತ್ತಿತ್ತು. ಆರನೆಯ ಶನಿವಾರ, ಅಕ್ಟೋಬರ್ ಕೊನೆಗೆ, ಮೂರೂ ಗುಂಡು ತಟ್ಟೆಯೊಳಗೆ ಬಿದ್ದವು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅವರು ತಟ್ಟೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು "ಸಾಕು" ಎಂದರು.

ವಾಪಸು ಬರುವಾಗ ಕಾರಿನಲ್ಲಿ, ಕೇಳದೆಯೇ, ಒಂದು ವಿಷಯ ಹೇಳಿದರು. ಅವರ ಕೊನೆಯ ಆಪರೇಷನ್ ಚೆನ್ನಾಗಿ ಆಯಿತಂತೆ. ಮಾರನೆಯ ಬೆಳಿಗ್ಗೆ ಶೇವ್ ಮಾಡಿಕೊಳ್ಳುವಾಗ ಬ್ಲೇಡ್ ಸಣ್ಣಗೆ ಅಲುಗಿತಂತೆ. "ಅವತ್ತೇ ಹೋಗಿ ಇನ್ನು ಸಾಕು ಅಂದೆ. ಎಲ್ಲರೂ ಇನ್ನೂ ನಾಲ್ಕು ವರ್ಷ ಮಾಡಬಹುದಿತ್ತು ಅಂದ್ರು. ಮಾಡಬಹುದಿತ್ತೋ ಏನೋ. ಆದ್ರೆ ಕೊನೇದು ಚೆನ್ನಾಗಿತ್ತು, ನೋಡು." ಹೌದು ಅಂಕಲ್ ಎಂದೆ. ಮುಂದಿನ ವರ್ಷ ಮಣೆಗೆ ಒಂದು ಪಟ್ಟಿ ಹೊಲಿಸಿದರೆ ಹೊರಲು ಸುಲಭವಾಗುತ್ತದೆ ಎಂದು ಯೋಚಿಸುತ್ತಿದ್ದೆ.

ನವೆಂಬರ್‌ನಲ್ಲಿ ಸೀಸನ್ನಿನ ಮೊದಲ ದಿನವೇ ಹೋದೆವು. ಇಬ್ಬರಿಗೂ ಕಿತ್ತಳೆ ಬಣ್ಣದ ಜಾಕೆಟ್, ನನ್ನ ಬೆನ್ನಿಗೆ ಹಗ್ಗದಲ್ಲಿ ಕಟ್ಟಿದ ಮಣೆ. ನಮ್ಮವರು ಯಾರಾದರೂ ನೋಡಿದ್ದರೆ ಮದುವೆ ಮಾಡಿಸಲು ಹೊರಟ ಪುರೋಹಿತ ಎಂದುಕೊಳ್ಳುತ್ತಿದ್ದರು. ಅಂಕಲ್ ಐದಾರು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು, ಮೊದಲಿನ ಹಾಗೆ ಹತ್ತಕ್ಕಲ್ಲ. ಒಂಬತ್ತು ಗಂಟೆಗೆ ಹಳೆಯ ಕಲ್ಲುಗೋಡೆಯ ಹತ್ತಿರ ಬಂದಾಗ ಇಳಿಜಾರಿನ ಕೆಳಗೆ ಒಂದು ಕೊಂಬಿನ ಜಿಂಕೆ ಓಕ್ ಕಾಯಿ ತಿನ್ನುತ್ತಿತ್ತು. ಎಂಬತ್ತು ಗಜ. ನಾನು ಮಣೆ ಇಟ್ಟೆ. ಅವರು ಕೂತರು, ಕವೆ ಊರಿದರು, ರೈಫಲ್ ಇಟ್ಟರು. ಜಿಂಕೆ ಸರಿಯಾಗಿ ಅಡ್ಡ ನಿಂತಿರಲಿಲ್ಲ. ಕಾದರು. ನಾನು ಜಿಂಕೆಯನ್ನು ನೋಡಲಿಲ್ಲ, ರೈಫಲ್ಲಿನ ತುದಿಯನ್ನೇ ನೋಡುತ್ತಿದ್ದೆ. ಮೊದಲು ಸ್ವಲ್ಪ ಅಲುಗಿತು. ಅವರ ಕಿರುಬೆರಳು ಕೋಲಿನ ಮೇಲೆ ಜಾಗ ಹುಡುಕಿ ನಿಂತಿತು. ತುದಿಯೂ ನಿಂತಿತು.

ಜಿಂಕೆ ಮೂವತ್ತು ಹೆಜ್ಜೆ ಓಡಿ ಬಿತ್ತು. ಕ್ರಮದಂತೆ ಅರ್ಧ ಗಂಟೆ ಕಾದು ಇಳಿದು ಹೋದೆವು. ಭುಜದ ಹಿಂದೆ, ಎಲ್ಲಿರಬೇಕೋ ಅಲ್ಲಿ, ಒಂದೇ ತೂತು. ಅಂಕಲ್ ಬಾಗಿ ಅದರ ಪಕ್ಕ ಬೆರಳಿಟ್ಟು, "ಇಷ್ಟೇ" ಎಂದರು. ಕಣ್ಣು ಒದ್ದೆಯಾಗಿತ್ತು. ಪ್ರತಿ ಸಲ ಹೊಟ್ಟೆ ಬಗೆದು ಸ್ವಚ್ಛ ಮಾಡುವುದು ಅವರೇ, ನನಗೆ ಮುಟ್ಟಲು ಬಿಡುತ್ತಿರಲಿಲ್ಲ. ಅವತ್ತು ಚಾಕುವನ್ನು ನನ್ನ ಕೈಗೆ ಕೊಟ್ಟು, ಬಂಡೆಯ ಮೇಲೆ ಕೂತು, ಎಲ್ಲಿ ಕೊಯ್ಯಬೇಕೆಂದು ಹೇಳುತ್ತ ಹೋದರು. ದಣಿದಿದ್ದಾರೆ ಎಂದುಕೊಂಡೆ.

ಜಿಂಕೆಯನ್ನು ನಾನು ಎಳೆದೆ. ರೈಫಲ್ ಖಾಲಿ ಮಾಡಿ ನನ್ನ ಹೆಗಲಿಗೇ ಹಾಕಿದ್ದರು. ಅವರು ಕವೆಯನ್ನು ಮುಚ್ಚಿ, ಎರಡೂ ಕೋಲನ್ನು ಒಂದು ಮಾಡಿ ಹಿಡಿದು, ಇಳಿಜಾರಿನಲ್ಲಿ ಊರಿಕೊಂಡು ಇಳಿಯುತ್ತಿದ್ದರು. ನಾನು ಎರಡು ಸಲ ತಿರುಗಿ ನೋಡಿದೆ. ಎಲ್ಲಿಯೂ ಜಾರಲಿಲ್ಲ.

ಕಾರಿನ ಹತ್ತಿರ ಬಂದು ನಾನು ಉಸಿರು ಬಿಡುತ್ತಿದ್ದಾಗ, ಅವರು ಹಿಂಬಾಗಿಲ ಅಂಚಿನ ಮೇಲೆ ಕೂತು ರೆಕ್ಕೆಯ ನಟ್ಟನ್ನು ತಿರುಗಿಸತೊಡಗಿದರು. ಬೆರಳು ನಡುಗುತ್ತಿದ್ದರಿಂದ ಹೊತ್ತು ಹಿಡಿಯಿತು. ಸಹಾಯ ಮಾಡಲು ಹೋಗಲಿಲ್ಲ. ಬಿಗಿ ಮಾಡುತ್ತಿದ್ದಾರೆ ಎಂದೇ ತಿಳಿದಿದ್ದೆ. ನಟ್ ಕಳಚಿತು, ಬೋಲ್ಟ್ ಕಳಚಿತು, ತೊಗಲಿನ ಬಿಲ್ಲೆ ಕೆಳಗೆ ಬಿತ್ತು. ಎರಡು ಕೋಲೂ ಬೇರೆ ಬೇರೆಯಾದವು.

"ಅಂಕಲ್, ಏನ್ ಮಾಡ್ತಿದ್ದೀರಿ?"

"ರೈಫಲ್ ನಿನ್ನ ಹೆಸರಿಗೆ ಮಾಡಿಸ್ಕೊ. ಮುಂದಿನ ವಾರ ಅಂಗಡಿಗೆ ಹೋಗಿ ಪೇಪರ್ಸ್ ಹಾಕೋಣ." ಒಂದು ಕೋಲನ್ನು ನನ್ನ ಕಡೆ ಚಾಚಿದರು. "ಇದನ್ನೂ ಇಟ್ಕೊ. ಇವತ್ತಲ್ಲ ನಾಳೆ ನಿನಗೂ ಬೇಕಾಗುತ್ತೆ."

ನನಗೆ ಕೋಪ ಬಂತು. ಮೂರು ಕೋಟ್ ವಾರ್ನಿಷ್ ಹೊಡೆದಿದ್ದೆ ನಾನು. ಹತ್ತು ವರ್ಷ ಬಾಳಲಿ ಎಂದು ಮಾಡಿದ್ದನ್ನು ಈ ಮನುಷ್ಯ ಒಂದು ಬೆಳಗಿಗಾಗಿ ಮಾಡಿಸಿಕೊಂಡಿದ್ದರು. ಮಾರ್ಚ್‌ನಲ್ಲಿ ಕಾಫಿ ಲೋಟಕ್ಕೆ ಅದನ್ನೇ ಹೇಳಿದ್ದರು, ಅಕ್ಟೋಬರ್‌ನಲ್ಲಿ ಕಾರಿನಲ್ಲಿ ಮತ್ತೆ ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ. ಬೈಯೋಣವೆಂದು ಬಾಯಿ ತೆರೆದವನು, ಬಗ್ಗಿ ಕೆಳಗೆ ಬಿದ್ದಿದ್ದ ತೊಗಲಿನ ಬಿಲ್ಲೆಯನ್ನು ಎತ್ತಿಕೊಂಡೆ.

ಅವರು ತಮ್ಮ ಪಾಲಿನ ಕೋಲನ್ನು ಬುಡ ಮೇಲೆ ಮಾಡಿ ಮೊಳೆಯ ಚೂಪನ್ನು ಹೆಬ್ಬೆರಳಿನಲ್ಲಿ ಮುಟ್ಟಿ ನೋಡುತ್ತಿದ್ದರು.

"ನಿನ್ನ ಊರುಗೋಲಿಗೆ ರಬ್ಬರ್ ಇತ್ತಲ್ಲ, ಎಸೆದುಬಿಟ್ಟೆಯೇನಯ್ಯ?"

"ಇಲ್ಲ ಅಂಕಲ್. ಮೊಳೆ ಡಬ್ಬೀಲಿದೆ."

"ನಾಳೆ ತಗೊಂಡು ಬಂದು ಹಾಕ್ಕೊಡು. ನಮ್ಮನೇದು ವುಡ್ ಫ್ಲೋರು, ಗೀರು ಬಿದ್ರೆ ನಿಮ್ಮ ಆಂಟಿ ಬೈತಾಳೆ."